ಮಾವ ಸುತ್ತಿದ ಬಿಳಿ ಹಗ್ಗ

ಸೂಲಿಬೆಲೆಯ ನಮ್ಮ ಬಚ್ಚಲಿನ ತಾಮ್ರದ ಹಂಡೆಗೆ ಬೆಳಗ್ಗೆ ಉರಿ ಹಾಕಿದರೆ ಸಂಜೆಗೂ ನೀರು ಬಿಸಿ. ಅದರ ಕುತ್ತಿಗೆಗೆ ಬಿಳಿ ಹಗ್ಗ ಸುತ್ತಿ, ಮೇಲೆ ಬಿಳಿ ಗಾರೆ ಮೆತ್ತಿದವರು ನನ್ನ ಮಾವ ಮುನಿಶಾಮಪ್ಪ. ವಿದ್ಯುತ್ ಸ್ಥಾವರದಲ್ಲಿ ಹಬೆಯ ಪೈಪುಗಳಿಗೆ ಹೊದಿಕೆ ಸುತ್ತುವುದೇ ಅವರ ಜೀವಮಾನದ ಕೆಲಸ. ಉಳಿದ ತುಂಡು ಹಗ್ಗವನ್ನು ಅಲ್ಲಿನ ಕೆಲಸಗಾರರೆಲ್ಲ ಹಂಡೆಗೆಂದು ಮನೆಗೆ ತರುತ್ತಿದ್ದರಂತೆ.

"ಹಂಡೆಗೆ ಸ್ವೆಟರ್ ಹಾಕವ್ರೆ ನೋಡು ನಿಮ್ಮಾವ, ನನಗೊಂದು ಕೊಡಿಸ್ಲಿಲ್ಲ," ಎಂದು ಅತ್ತೆ ಪಾಪಮ್ಮ ಹಂಗಿಸುತ್ತಿದ್ದರು.

"ನಿನಗ್ಯಾಕೆ, ನೀನು ಯಾವಾಗ್ಲೂ ಉರೀತಾನೇ ಇರ್ತೀಯ," ಎನ್ನುತ್ತಿದ್ದರು ಮಾವ. ನಗು ಕೆಮ್ಮಿನಲ್ಲಿ ಮುಗಿಯುತ್ತಿತ್ತು.

ಬೀಡಿಯ ಕೆಮ್ಮೆಂದೇ ನಾವು ತಿಳಿದಿದ್ದೆವು. ಕಳೆದ ತಿಂಗಳು ಅಂಗಳ ದಾಟುವಷ್ಟರಲ್ಲಿ ಏದುಸಿರು ಬರತೊಡಗಿದಾಗ ಬೆಂಗಳೂರಿಗೆ ಕರೆದೊಯ್ದೆ. ಎದೆಯ ಸ್ಕ್ಯಾನ್ ನೋಡಿದ ವೈದ್ಯೆ, ಏನು ಕೆಲಸ ಮಾಡುತ್ತಿದ್ದಿರಿ ಎಂದು ಕೇಳಿದರು.

"ಪೈಪಿನ ಹಳೇ ಹೊದಿಕೆ ಕೆತ್ತೋದು, ಹೊಸದು ಸುತ್ತೋದು ತಾಯಿ. ಮೂಗಿಗೆ ಟವಲ್ ಕಟ್ಕೊಂತಿದ್ವಿ."

"ಅದು ಕಲ್ನಾರು, ಆಸ್ಬೆಸ್ಟಾಸ್. ಎಳೆಗಳು ಕಣ್ಣಿಗೂ ಕಾಣಲ್ಲ, ಟವಲ್ ತಡೆಯಲ್ಲ. ಶ್ವಾಸಕೋಶದಲ್ಲಿ ಕೂತು, ಎಷ್ಟೋ ವರ್ಷ ಆದ್ಮೇಲೆ ಹೀಗೆ ತೋರಿಸ್ಕೊಳ್ಳುತ್ತೆ."

ನನಗೆ ಹಂಡೆ ನೆನಪಾಯಿತು. ಚೊಂಬು ತಗುಲಿದಾಗಲೆಲ್ಲ ಗಾರೆ ಉದುರುತ್ತಿತ್ತು. ಅದರ ಪಕ್ಕದಲ್ಲೇ ಅಲ್ಲವೇ, ನನ್ನ ಸಿಂಚನಳಿಗೆ ಹುಟ್ಟಿದಾಗಿನಿಂದ ಎಣ್ಣೆ ನೀರು? ವೈದ್ಯೆಗೆ ಹಂಡೆಯ ವಿಷಯ ಹೇಳಿ, ಅದನ್ನೂ ಕೇಳಿದೆ.

"ಅಷ್ಟಕ್ಕೇ ಕಾಯಿಲೆ ಬರುತ್ತೆ ಅಂತಲ್ಲ. ಆದ್ರೆ ಮಗುವನ್ನ ಇನ್ನು ಅಲ್ಲಿ ಬಿಡ್ಬೇಡಿ. ನೀವೇ ಕೆರೆಯೋಕೆ ಹೋಗ್ಬೇಡಿ, ತಿಳಿದೋರಿಂದ ತೆಗೆಸಿ."

ಮಾವನಿಗೆ ಇದು ಕೇಳಿಸಿತೋ ಇಲ್ಲವೋ. ಮನೆ ತಲುಪಿದವರೇ ಚಪ್ಪಲಿಯನ್ನೂ ಬಿಡದೆ ಉಳಿ, ಸುತ್ತಿಗೆ ಹಿಡಿದು ಬಚ್ಚಲಿಗೆ ನುಗ್ಗಿದರು. "ಮುಟ್ಬೇಡಿ ಮಾವ!" ಎಂದು ಕಿರುಚುತ್ತಾ ಓಡಿದೆ. ಅಷ್ಟರಲ್ಲಿ ಏಟು ಬಿದ್ದಿತ್ತು. ಬೆಳಕಿಂಡಿಯ ಬಿಸಿಲಲ್ಲಿ ಬಿಳಿ ಧೂಳು ತೇಲುತ್ತಿತ್ತು. ತಾತ ಬಂದರೆಂದು ಓಡಿಬಂದ ಸಿಂಚನ ಬಾಗಿಲಲ್ಲೇ ನಿಂತಿದ್ದಳು.

ಅವಳನ್ನು ಎತ್ತಿಕೊಂಡು ಅಂಗಳಕ್ಕೆ ಬಂದೆ. ಹಿಂದೆಯೇ ಮಾವ ಬಂದು ಬಾಗಿಲು ಎಳೆದು ಚಿಲಕ ಹಾಕಿದರು.

"ಕಿತ್ತು ಬಿಸಾಕಿದ್ರೆ ಮುಗೀತದೆ ಅಂದ್ಕೊಂಡೆ ಕಣಮ್ಮಾ." ಉಸಿರಿಗೆ ನಿಂತು ಕೇಳಿದರು, "ಮಗೀಗೂ ಒಂದು ಸ್ಕ್ಯಾನ್ ಮಾಡಿಸಿದ್ರೆ?"

"ಈಗ ಏನೂ ಕಾಣಲ್ಲ ಮಾವ."

"ಯಾವಾಗ ಕಾಣ್ತದೆ?"

ಸಿಂಚನ ತಾತನತ್ತ ಎರಡೂ ಕೈ ಚಾಚಿದಳು. ಮಾವ ತಮ್ಮ ಬೆಳ್ಳಗಾದ ಅಂಗೈಗಳನ್ನು ನೋಡಿ ಹಿಂದೆ ಸರಿದರು.

"ಏ ಇವಳೇ, ನನ್ಮೇಲೆ ನೀರು ಹುಯ್ಯಿ."

"ಸ್ಟೌ ಮೇಲೆ ಕಾಯಿಸ್ತೀನಿ ತಡೀರಿ," ಎಂದರು ಅತ್ತೆ.

"ಬ್ಯಾಡ, ತಣ್ಣೀರೇ ಹುಯ್ಯಿ. ಮಗು ಕಾಯ್ತಾವ್ಳೆ."