ಅಕ್ಕನ ಚೀಲದ ತಳದಲ್ಲಿ

ಅನುಮಾನ ಪಡುವುದಕ್ಕೇ ನನಗೆ ಸಂಬಳ. ಕೊಳ್ಳೇಗಾಲದ ಸರ್ಕಾರಿ ಕಚೇರಿಯೊಂದರ ರೆಕಾರ್ಡ್ ರೂಮಿನಲ್ಲಿ ಇಪ್ಪತ್ತು ವರ್ಷದಿಂದ ಕೂತಿದ್ದೇನೆ. ಹಳೇ ಪಹಣಿಯ ನಕಲು ಕೇಳಿಕೊಂಡು ಬಂದವರು ಕೌಂಟರಿನ ಆಚೆ ನಿಂತರೆ ನಾನು ಮೊದಲು ಅವರ ಮುಖ ನೋಡುತ್ತೇನೆ, ಆಮೇಲೆ ಆಧಾರ್ ಕಾರ್ಡು, ಮತ್ತೆ ಮುಖ. "ತಂದೆ ಹೆಸರೇನು? ಸರ್ವೆ ನಂಬರ್ ಎಷ್ಟು? ಜಮೀನು ನಿಮ್ಮದೇ ಅನ್ನುವುದಕ್ಕೆ ಏನಿದೆ?" ಎಂದು ಕೇಳುವ ದನಿ ಗಂಟಲಲ್ಲೇ ಮನೆ ಮಾಡಿಕೊಂಡಿದೆ. ಬೆಳಗ್ಗೆ ಹಾಲಿನವನ ಹತ್ತಿರವೂ ಅದೇ ದನಿ. ಹಾಲಿನವನು ಈಗ ಪ್ಯಾಕೆಟ್ಟನ್ನು ಗೇಟಿಗೆ ಸಿಕ್ಕಿಸಿ ಓಡುತ್ತಾನೆ.

ಅಕ್ಕ ನನಗೆ ತದ್ವಿರುದ್ಧ. ಇಬ್ಬರೂ ಹುಟ್ಟಿದ್ದು ಯಳಂದೂರಿನಲ್ಲೇ. ಅವಳನ್ನು ಲೊಕ್ಕನಹಳ್ಳಿಗೆ ಕೊಟ್ಟರು. ಅದು ಕಾಡಂಚಿನ ಊರು, ಹೊಲಕ್ಕೆ ಹಂದಿಯೋ ಆನೆಯೋ ನುಗ್ಗಿದರೆ ಅಕ್ಕಪಕ್ಕದವರನ್ನು ಕೂಗದೆ ಬದುಕುವ ಹಾಗಿಲ್ಲ. ಅದಕ್ಕೋ ಏನೋ ಅವಳ ಮನೆಯ ಚಿಲಕ ಸರಿಯಾಗಿ ಕೂರುವುದೇ ಇಲ್ಲ, ಕೂರಿಸಬೇಕೆಂಬ ಯೋಚನೆಯೂ ಅವಳಿಗಿಲ್ಲ. ಪಕ್ಕದ ಮನೆಯಲ್ಲಿ ಒಬ್ಬ ತಮಿಳು ಅಜ್ಜಿ ಇದ್ದಳು. ಚಿಕ್ಕಂದಿನಲ್ಲಿ ಸಿಲೋನಿನ ಟೀ ತೋಟದಲ್ಲಿ ಬೆಳೆದವಳಂತೆ. ಅವಳ ಜೊತೆ ಹರಟೆ ಹೊಡೆದೂ ಹೊಡೆದೂ ಅಕ್ಕನಿಗೆ ತಮಿಳು ಸಲೀಸಾಯಿತು. ನನಗೆ ಒಂದಕ್ಷರ ಬರುವುದಿಲ್ಲ. ನನ್ನೆದುರಿಗೆ ಯಾರಾದರೂ ತಮಿಳು ಮಾತಾಡಿದರೆ ನನ್ನ ಬಗ್ಗೆಯೇ ಮಾತಾಡುತ್ತಿದ್ದಾರೆ ಎಂದು ನನಗೆ ಗ್ಯಾರಂಟಿ.

ಅಜ್ಜಿ ತೀರಿಕೊಂಡ ಮೇಲೆ ಅಕ್ಕ ಒಂದೇ ಹಟ ಹಿಡಿದಳು. "ಆವಮ್ಮ ಏಳ್ತಿದ್ದ ಟೀ ತೋಟನ ಒಂದ್ಸಲ ಕಣ್ಣಲ್ಲಿ ನೋಡ್ಬೇಕು ಕಣವ್ವ." ನನಗೂ ಬೆನ್ನಿಗೆ ಚೀಲ ಹಾಕಿಕೊಂಡು ಬೆಟ್ಟ ಸುತ್ತುವ ಹುಚ್ಚು. ಜೊತೆಗೆ ಬರುತ್ತೇವೆ ಎನ್ನುವ ಯಾರ ಮೇಲೂ ನಂಬಿಕೆಯಿಲ್ಲದ್ದರಿಂದ ಅಕ್ಕನೇ ಸರಿ ಅನ್ನಿಸಿತು. ಪಾಸ್‌ಪೋರ್ಟ್ ವಿಚಾರಣೆಗೆ ಬಂದ ಪೊಲೀಸ್ ಪೇದೆ, ಹೊಲ ಬಿಟ್ಟು ಹೋಗದ ಹೆಂಗಸಿಗೆ ಇದೇಕೆ ಎಂದು ಕೇಳಿದರಂತೆ. "ಓಗಾಕೆ ಕಣ್ ಸಾ, ಇನ್ಯಾಕೆ?" ಎಂದು ಅಕ್ಕ ಅವರಿಗೆ ಕಾಫಿ ಕೊಟ್ಟು ಕಳಿಸಿದಳು.

ಇಲ್ಲಿ ಒಂದು ವಿಷಯ ಹೇಳಬೇಕು. ಅಕ್ಕ ಪ್ರತಿವರ್ಷ ಮಾದೇಶ್ವರನ ಬೆಟ್ಟಕ್ಕೆ ನಡೆದು ಹೋಗುವವಳು. ಹನೂರು ದಾಟುವ ಹೊತ್ತಿಗೆ ಹೆಗಲು ನೋಯಲು ಶುರುವಾದರೆ ನಡೆಯುವವರು ಒಂದು ಕೆಲಸ ಮಾಡುತ್ತಾರೆ. ಬೆಟ್ಟದ ಕಡೆ ಹೊರಟ ಟ್ರ್ಯಾಕ್ಟರಿಗೋ ಗೂಡ್ಸ್ ಗಾಡಿಗೋ ಕೈ ಅಡ್ಡ ಹಾಕಿ ಚೀಲವನ್ನು ಎತ್ತಿ ಹಾಕಿಬಿಡುತ್ತಾರೆ. ಯಾರ ಗಾಡಿ, ಯಾವೂರು, ಕೇಳುವುದಿಲ್ಲ. ಗಾಡಿಯವನು ಬೆಟ್ಟದ ಬುಡದ ತಾಳಬೆಟ್ಟದಲ್ಲಿ ರಸ್ತೆ ಬದಿ ಚೀಲಗಳನ್ನು ಇಳಿಸಿ ತನ್ನ ಪಾಡಿಗೆ ಹೋಗುತ್ತಾನೆ. ಹಿಂದಿನಿಂದ ನಡೆದು ಬಂದವರು ತಮ್ಮ ತಮ್ಮ ಚೀಲ ಆರಿಸಿಕೊಳ್ಳುತ್ತಾರೆ. ನಾನು ಒಮ್ಮೆ ಅವಳ ಜೊತೆ ನಡೆದಿದ್ದೆ. ಹೆಗಲು ಕಿತ್ತು ಬಂದರೂ ಚೀಲ ಕೊಡಲಿಲ್ಲ.

ಶ್ರೀಲಂಕಾದಲ್ಲಿ ಇಳಿದ ಮೊದಲ ದಿನವೇ ನನ್ನ ಕೆಲಸ ಶುರುವಾಯಿತು. ಆಟೋದವನು ಸುತ್ತು ಹಾಕಿ ಕರೆದೊಯ್ಯುತ್ತಿದ್ದಾನೆ ಎಂದು ಫೋನಿನಲ್ಲಿ ಮ್ಯಾಪ್ ಹಿಡಿದು ಕೂತೆ. ಅವನು ಹೋದದ್ದು ನೆಟ್ಟಗಿನ ದಾರಿಯಲ್ಲೇ. ಆದರೂ ಇಳಿಯುವಾಗ ಅವನ ಮುಖ ನನಗೆ ಹಿಡಿಸಲಿಲ್ಲ. ಊಟದಲ್ಲಿ ಮಾತ್ರ ನನ್ನ ಅನುಮಾನ ನಿಜವಾಯಿತು. ನಮ್ಮದು ಮೀನು ಮಾಂಸ ತಿನ್ನದ ಮನೆ. ಹೋಟೆಲಿನವನು ಬರೀ ಕಾಯಿ ಚಟ್ನಿ ಎಂದು ತಂದಿಟ್ಟದ್ದಕ್ಕೆ ಏನೋ ವಾಸನೆ ಅನ್ನಿಸಿ ಒತ್ತಿ ಒತ್ತಿ ಕೇಳಿದೆ. ಒಣಮೀನಿನ ಪುಡಿ ಸ್ವಲ್ಪವೇ ಹಾಕಿದ್ದು ಎಂದ. ಅಕ್ಕ ಅಷ್ಟರಲ್ಲಿ ಎರಡು ತುತ್ತು ಮುಗಿಸಿದ್ದಳು. ಬಾಯಿ ಮುಕ್ಕಳಿಸಿ ಬಂದು, "ಅವ್ನ್ಗೇನ್ ಗೊತ್ತು ಪಾಪ, ಅವ್ರಿಗೆ ಅದೇ ಉಪ್ಪು ಇದ್ದಂಗೆ," ಎಂದಳು. ಅಲ್ಲಿಂದ ಮುಂದೆ ನಾವು ತಂದಿದ್ದ ಹುರಿಹಿಟ್ಟು, ಬೆಲ್ಲವೇ ಗತಿಯಾಯಿತು. ಒಂದು ಅನುಮಾನ ನಿಜವಾದರೆ ಸಾಕು, ಉಳಿದವಕ್ಕೆಲ್ಲ ಕೊಂಬು ಮೂಡುತ್ತವೆ.

ಟೀ ತೋಟಗಳ ಬೆಟ್ಟದ ಮೇಲೆ ಉಳಿದುಕೊಂಡದ್ದು ಪ್ರವಾಸಿಗಳ ಒಂದು ಹಾಸ್ಟೆಲಿನಲ್ಲಿ. ಒಂದೇ ಕೋಣೆಯಲ್ಲಿ ಎಂಟು ಜನ, ರೈಲಿನ ಬರ್ತಿನ ಹಾಗೆ ಮೇಲೊಂದು ಕೆಳಗೊಂದು ಮಂಚ. ಅಲ್ಲಿದ್ದ ಬಿಳಿಯ ಹುಡುಗಿಯೊಬ್ಬಳು ನನ್ನನ್ನು ನೋಡಿದಾಗಲೆಲ್ಲ ನಗುತ್ತಿದ್ದಳು. ಕಾರಣವಿಲ್ಲದೆ ನಗುವವರನ್ನು ನಾನು ನಂಬುವುದಿಲ್ಲ. ಯಾವತ್ತು ಹೊರಡುತ್ತೀರಿ, ಯಾವ ಕಡೆ ಹೋಗುತ್ತೀರಿ ಎಂದು ಬೇರೆ ಕೇಳಿದಳು. ಇವಳಿಗೇಕೆ ಅದು? ಹಾಸ್ಟೆಲಿನವನೋ ನಕಲು ತೆಗೆಯುತ್ತೇನೆಂದು ನಮ್ಮ ಪಾಸ್‌ಪೋರ್ಟ್ ಒಳಗೆ ಒಯ್ದು ಹತ್ತು ನಿಮಿಷ ಹೊರಗೇ ಬರಲಿಲ್ಲ. ನಕಲು ತೆಗೆಯಲು ಎಷ್ಟು ಹೊತ್ತು ಬೇಕೆಂದು ನನಗೆ ಯಾರೂ ಹೇಳಿಕೊಡಬೇಕಿಲ್ಲ.

ಎರಡೂ ಪಾಸ್‌ಪೋರ್ಟ್ ವಾಪಸು ಬಂದ ಮೇಲೆ ನನ್ನ ಸೊಂಟದ ಪಟ್ಟಿಯಲ್ಲೇ ಇದ್ದವು. ಆದರೆ ಪ್ರವಾಸಿಗಳು ಅಲ್ಲೇ ಇಡುತ್ತಾರೆಂದು ಕಳ್ಳರಿಗೆಲ್ಲ ಗೊತ್ತಿರುತ್ತದಲ್ಲ? ಬೆಳಗ್ಗೆ ಅಕ್ಕ ಸ್ನಾನಕ್ಕೆ ಹೋದಾಗ ಎರಡನ್ನೂ ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ, ಅವಳ ಚೀಲದ ತಳದಲ್ಲಿದ್ದ ಹಳೇ ಸೀರೆಯ ಮಡಿಕೆಯೊಳಗೆ ತೂರಿಸಿಟ್ಟೆ. ಹಳ್ಳಿ ಹೆಂಗಸಿನ ಚೀಲಕ್ಕೆ ಯಾವ ಕಳ್ಳ ಕೈ ಹಾಕುತ್ತಾನೆ? ಅಕ್ಕನಿಗೆ ಹೇಳಲಿಲ್ಲ. ಹೇಳಿದರೆ ದಾರಿಯಲ್ಲಿ ಸಿಕ್ಕವರಿಗೆಲ್ಲ ಅವಳು ಹೇಳಿಬಿಡುತ್ತಾಳೆ ಅನ್ನಿಸಿತು. ನನ್ನ ಬುದ್ಧಿವಂತಿಕೆಯನ್ನು ನಾನೇ ಮೆಚ್ಚಿಕೊಂಡೆ.

ಅವತ್ತು ಟೀ ತೋಟದ ನಡುವಿನ ದಾರಿಯಲ್ಲಿ ಮುಂದಿನ ಊರಿಗೆ ನಡೆಯುವುದಿತ್ತು. ಮಾರನೆಯ ದಿನ ಸಂಜೆ ನಮ್ಮ ವಿಮಾನ. ಏರು ಶುರುವಾದ ಕಡೆ ನಾನು ಜಿಗಣೆ ಹತ್ತಿದೆಯೇನೋ ಎಂದು ಶೂ ಬಿಚ್ಚಿ ಕೂತೆ. ತಲೆ ಎತ್ತಿ ನೋಡಿದರೆ ಟೀ ಎಲೆಯ ಮೂಟೆ ತುಂಬಿದ ಸಣ್ಣ ಲಾರಿಯೊಂದು ನಿಂತಿದೆ. ಡ್ರೈವರಿನ ಹಣೆ ತುಂಬ ವಿಭೂತಿ. ಅಕ್ಕ ಅವನ ಹತ್ತಿರ ತಮಿಳಿನಲ್ಲಿ ಎರಡು ಮಾತಾಡಿದಳು, ಬೆನ್ನಿನ ಚೀಲ ಇಳಿಸಿದಳು, ಮೂಟೆಗಳ ಮೇಲೆ ಎಸೆದಳು. ಲಾರಿ ತಿರುವು ದಾಟಿ ಹೋಯಿತು.

"ಅಕ್ಕಾ, ಚೀಲ ಎಲ್ಲಿ?"

"ಕಳ್ಸ್ದೆ ಕಣವ್ವ. ಮುಂದ್ಲೂರಲ್ಲಿ ಕೋವಿಲ್ ಅದಂತೆ, ಅದ್ರ ತಾವ ಮಡ್ಗಿರ್ತೀನಿ ಅಂದ. ನಿಂದೂ ಕೊಡು ಅಂತ ಕೂಗದ್ರೊಳ್ಗೆ ಒಂಟೋಯ್ತು."

"ಅವ್ನ್ಯಾರು?"

"ಯಾರೋ. ಇಬೂತಿ ಇಕ್ಕಂಡಿದ್ನಲ್ಲ."

ಲಾರಿಯ ನಂಬರು ನೋಡಿರಲಿಲ್ಲ. ಬಣ್ಣ ಕೂಡ ನೆನಪಿರಲಿಲ್ಲ. ಪಾಸ್‌ಪೋರ್ಟ್ ಇಲ್ಲದೆ ವಿಮಾನ ಹತ್ತುವ ಹಾಗಿಲ್ಲ, ಆ ನಾಡಿನಲ್ಲಿ ನಾವು ಯಾರೆಂದು ಹೇಳಲು ಬೇರೆ ಚೂರು ಕಾಗದವಿಲ್ಲ. ಜನರ ಬಾಯಲ್ಲಿ "ಕಾಗದ ಕಳೆದುಹೋಯ್ತು" ಎಂಬ ಮಾತು ಕೇಳಿದಾಗಲೆಲ್ಲ ಮುಖ ಸಿಂಡರಿಸಿದವಳು ನಾನು. ಆಗಲಾದರೂ ನಿಜ ಹೇಳಬೇಕಿತ್ತು. ಹೇಳಲಿಲ್ಲ. ನಾಚಿಕೆಯೋ ಸಿಟ್ಟೋ, ಎರಡೂ ಇತ್ತು. "ಇದೇನು ತಾಳಬೆಟ್ಟ ಅಂದ್ಕೊಂಡ್ಯಾ? ಬುದ್ಧಿ ಇದೆಯಾ ನಿನಗೆ?" ಎಂದು ರಸ್ತೆಯಲ್ಲೇ ಕೂಗಾಡಿದೆ. ಟೀ ಎಲೆ ಕೀಳುತ್ತಿದ್ದ ಹೆಂಗಸರು ಕೈ ನಿಲ್ಲಿಸಿ ನೋಡಿದರು.

"ಒಂದ್ ಸೀರೆ, ಕಂಬ್ಳಿ, ಹುರಿಟ್ಟು. ಅದ್ಕ್ಯಾಕವ್ವ ಇಂಗ್ ಆಡ್ತೀಯೆ?" ಎಂದಳು ಅಕ್ಕ.

ಏಳೆಂಟು ಕಿಲೋಮೀಟರು ನಾನು ನಡೆಯಲಿಲ್ಲ, ಓಡಿದೆ. ಅಕ್ಕ ಹಿಂದಿನಿಂದ, ಬರಿಗೈ ಬೀಸಿಕೊಂಡು, ಅಜ್ಜಿ ಹೇಳಿದ್ದ ತೋಟವನ್ನು ನೋಡುತ್ತ ಬಂದಳು. ನಾನು ಒಂದು ಗಿಡವನ್ನೂ ಸರಿಯಾಗಿ ನೋಡಲಿಲ್ಲ.

ಕೋವಿಲ್ ಸಿಕ್ಕಿತು. ಗುಡಿಯ ಜಗಲಿ ಖಾಲಿ. ಎರಡು ಕೋತಿಗಳು ಕೂತಿದ್ದವು, ಅಷ್ಟೇ. "ನೋಡು, ನಿನ್ನ ವಿಭೂತಿಯವನನ್ನ!" ಎಂದೆ, ದನಿ ಅಳುವಿಗೆ ಹತ್ತಿರವಾಗಿತ್ತು. ಅಕ್ಕ ಗಾಬರಿಯಾಗದೆ ಎದುರಿಗಿದ್ದ ಪೆಟ್ಟಿಗೆ ಅಂಗಡಿಗೆ ಹೋಗಿ ಕೇಳಿದಳು. ಅಂಗಡಿಯ ಹೆಂಗಸು, ನನ್ನದೇ ವಯಸ್ಸಿನವಳು, ಕೋತಿಗಳ ಕಡೆ ಕೈ ತೋರಿಸಿ ಏನೋ ಹೇಳಿದಳು. ಆಮೇಲೆ ಒಳಗಿನಿಂದ ಅಕ್ಕನ ನೀಲಿ ಚೀಲವನ್ನು ತಂದಳು. ನನಗೆ ಜೀವ ಬಂದಂತಾಯಿತು, ಕೈ ಚಾಚಿದೆ. ಅವಳು ಕೊಡಲಿಲ್ಲ. ಚೀಲವನ್ನು ಎದೆಗವಚಿಕೊಂಡು ಅಕ್ಕನಿಗೆ ಪ್ರಶ್ನೆ ಹಾಕಿದಳು.

"ಒಳ್ಗೆ ಏನೇನದೆ ಏಳು, ಆಮೇಲ್ ಕುಡ್ತೀನಿ ಅಂತಾಳೆ," ಎಂದು ಅಕ್ಕ ನಕ್ಕಳು. ಬೆರಳು ಮಡಿಚುತ್ತ ಪಟ್ಟಿ ಹೇಳಿದಳು. ಕಂಬಳಿ, ಹುರಿಹಿಟ್ಟು, ಬೆಲ್ಲ, ಹಳೇ ಸೀರೆ. ಅಂಗಡಿಯವಳು ಒಂದೊಂದನ್ನೇ ಹೊರಗೆ ತೆಗೆದು ಗಲ್ಲಾದ ಮೇಲೆ ಇಟ್ಟಳು. ಕೊನೆಗೆ ಸೀರೆ ಕೊಡವಿದಳು. ಪ್ಲಾಸ್ಟಿಕ್ ಕವರು ಬಿತ್ತು.

ಅಕ್ಕ ಹೇಳಿದ ಪಟ್ಟಿಯಲ್ಲಿ ಅದಿರಲಿಲ್ಲ.

ಅಂಗಡಿಯವಳ ಮುಖ ಬಿಗಿಯಾಯಿತು. ಕವರು ಬಿಚ್ಚಿ ಎರಡು ಪಾಸ್‌ಪೋರ್ಟ್ ತೆಗೆದಳು. ಮೊದಲು ಅಕ್ಕನ ಮುಖ ನೋಡಿದಳು, ಆಮೇಲೆ ಫೋಟೋ, ಮತ್ತೆ ಮುಖ. ಏನೋ ಕೇಳಿದಳು. ಒಂದು ಪದವೂ ನನಗೆ ತಿಳಿಯಲಿಲ್ಲ, ದನಿ ಮಾತ್ರ ತಿಳಿಯಿತು. ಅದು ನನ್ನ ಕೌಂಟರಿನ ದನಿ. ಅಕ್ಕ ಬಾಯಿ ತೆರೆದು ನಿಂತಿದ್ದಳು. ತನ್ನದೇ ಚೀಲದಿಂದ ಬಿದ್ದ ವಸ್ತು ತನಗೇ ಗೊತ್ತಿಲ್ಲವೆಂದು ಯಾರ ಹತ್ತಿರ ಹೇಳಿಕೊಳ್ಳುವುದು? ಟೀ ಕುಡಿಯಲು ನಿಂತಿದ್ದ ಇಬ್ಬರು ಗಂಡಸರು ಹತ್ತಿರ ಬಂದರು. ಪಾದಯಾತ್ರೆಯವರಿಗೆ ಮಜ್ಜಿಗೆ ಕೊಟ್ಟ ಕೈ ಅಕ್ಕನದು. ಆ ಕೈಯನ್ನು ಅವಳು ಸೆರಗಿನೊಳಗೆ ಸೇರಿಸಿಕೊಂಡಳು.

"ನಾನೇ ಇಟ್ಟಿದ್ದು," ಎಂದೆ. ಕನ್ನಡದಲ್ಲಿ ಹೇಳಿದೆ, ಇಂಗ್ಲಿಷಿನಲ್ಲಿ ಹೇಳಿದೆ, ಎದೆ ಮುಟ್ಟಿಕೊಂಡು ಕೈಸನ್ನೆಯಲ್ಲೂ ಹೇಳಿದೆ. ಅಂಗಡಿಯವಳು ಎರಡನೆಯ ಪಾಸ್‌ಪೋರ್ಟಿನ ಫೋಟೋಗೂ ನನ್ನ ಮುಖಕ್ಕೂ ತಾಳೆ ನೋಡಿ, ಎರಡನ್ನೂ ಅಕ್ಕನ ಕೈಗೇ ಕೊಟ್ಟಳು. ಕೊಡುವಾಗ ನನ್ನ ಕಡೆ ಕಣ್ಣು ಹಾಯಿಸಿ ಮೆಲ್ಲಗೆ ಒಂದು ಮಾತು ಹೇಳಿದಳು. ಅಕ್ಕ ಅದಕ್ಕೆ ಚಿಕ್ಕದೊಂದು ಉತ್ತರ ಕೊಟ್ಟಳು. ಏನಂದಳು ಎಂದು ಕೇಳಿದರೆ, "ಏನಿಲ್ಲ, ಟೀ ಕುಡೀರಿ ಅಂದ್ಲು," ಎಂದಳು. ಟೀ ಕೊಟ್ಟದ್ದೇನೋ ನಿಜ. ಆದರೆ ಅವಳು ಅಂದದ್ದು ಅದಲ್ಲವೆಂದು ನನಗೆ ಗೊತ್ತಿತ್ತು.

ಟೀ ಕುಡಿದು ಹೊರಟೆವು. ದಾರಿಯಲ್ಲಿ ಅಕ್ಕ ಕೇಳಿದಳು. "ನಂಗ್ಯಾಕವ್ವ ಏಳ್ಲಿಲ್ಲ?"

"ಹೇಳಿದ್ರೆ ನೀನು ಊರಿಗೆಲ್ಲ ಹೇಳ್ತಿದ್ದೆ."

"ಏಳಿದ್ರೆ ಚೀಲನ ಬೆನ್ನಿಂದ ಕೆಳೀಕೇ ಇಳಿಸ್ತಿರ್ಲಿಲ್ಲ ಕಣವ್ವ."

ಅವಳು ನನ್ನ ಪಾಸ್‌ಪೋರ್ಟ್ ನನಗೆ ಕೊಟ್ಟು, ತನ್ನದನ್ನು ಸೊಂಟದ ಎಲೆಅಡಿಕೆ ಚೀಲಕ್ಕೆ ಸೇರಿಸಿದಳು. ವಿಮಾನ ನಿಲ್ದಾಣದಲ್ಲಿ ಅಧಿಕಾರಿ ಅದರ ಮೇಲಿನ ಸುಣ್ಣದ ಕಲೆಯನ್ನು ಉಗುರಿನಿಂದ ಕೆರೆದು ನೋಡಿದ. "ಇತ್ತ ಕೊಡು, ನಾನು ಮಾತಾಡ್ತೀನಿ," ಎಂದೆ. "ಬ್ಯಾಡ, ನಂದು ನನ್ ತಾವೇ ಇರ್ಲಿ," ಎಂದಳು. ಸಿಟ್ಟಿನಿಂದ ಹೇಳಲಿಲ್ಲ. ಸಿಟ್ಟಿನಿಂದ ಹೇಳಿದ್ದರೆ ನನಗೆ ಅಷ್ಟು ನೋಯುತ್ತಿರಲಿಲ್ಲ.

ಈ ವರ್ಷ ಅವಳು ಕರೆಯದಿದ್ದರೂ ನಾನೇ ಬೆಟ್ಟಕ್ಕೆ ನಡೆಯಲು ಬರುತ್ತೇನೆಂದೆ. ಹನೂರು ದಾಟಿದ ಮೇಲೆ ಟ್ರ್ಯಾಕ್ಟರೊಂದು ಬಂತು. ಅಕ್ಕ ಚೀಲ ಹಾಕಿದಳು. ನಾನೂ ಹಾಕಿದೆ. ಫೋನು, ಮನೆಯ ಬೀಗದ ಕೈ, ಎಲ್ಲ ಅದರಲ್ಲೇ. ಏನೇನಿದೆ ಎಂದು ಈ ಸಲ ಅವಳಿಗೆ ಮೊದಲೇ ಒಪ್ಪಿಸಿದ್ದೆ. ಟ್ರ್ಯಾಕ್ಟರು ಹೋದ ಮೇಲೆ ಹೆಗಲು ಹಗುರವಾಯಿತು.

ಸ್ವಲ್ಪ ದೂರ ನಡೆದು ಕೇಳಿದೆ. "ಆ ಅಂಗಡಿಯವಳು ಅವತ್ತು ಏನಂದ್ಲು? ನಿಜ ಹೇಳು."

ಅಕ್ಕ ಎಲೆಗೆ ಸುಣ್ಣ ಸವರುತ್ತಿದ್ದಳು. "ಕೂಡ ಬಂದವ್ಳ ಮ್ಯಾಲೆ ಒಂದ್ ಕಣ್ಣು ಮಡ್ಗು ಅಂದ್ಲು."

"ನೀನೇನಂದೆ?"

"ನನ್ ತಂಗಿ ಅಂದೆ. ಇನ್ಯಾನ ಅನ್ನದು?"

ಕಣ್ಣು ತುಂಬಿ ಬಂತು. ನಾನು ಎಡ ಅಂಗೈಯನ್ನು ಮರೆ ಮಾಡಿಕೊಂಡೆ. ಟ್ರ್ಯಾಕ್ಟರಿನ ನಂಬರನ್ನು ಅವಳಿಗೆ ಕಾಣದ ಹಾಗೆ ಅಲ್ಲಿ ಬರೆದುಕೊಂಡಿದ್ದೆ. ಸೆರಗಿನ ತುದಿಗೆ ಎಂಜಲು ಹಚ್ಚಿ ಉಜ್ಜಿದೆ, ಚರ್ಮ ಕೆಂಪಾಗುವ ತನಕ ಉಜ್ಜಿದೆ. ಬಾಲ್‌ಪೆನ್ನಿನ ಶಾಯಿ, ಕೊನೆಯ ಎರಡು ಅಂಕಿ ಹೋಗಲೇ ಇಲ್ಲ. ಮುಷ್ಟಿ ಬಿಗಿ ಹಿಡಿದು ಅವಳ ಪಕ್ಕದಲ್ಲಿ ನಡೆದೆ.