ಮರವಂತೆಯಲ್ಲಿ ಚಾಚಿದ ಕೈ

ಪನ್ವೇಲಿನಿಂದ ಕನ್ಯಾಕುಮಾರಿಯವರೆಗೆ ಪಡುಗಡಲ ಬದಿಯಲ್ಲೇ ಸಾಗುವ ರಾಷ್ಟ್ರೀಯ ಹೆದ್ದಾರಿಯನ್ನು ಅಳೆದವರು, ಕಟ್ಟಿದವರು, ಅಗಲ ಮಾಡಿದವರು ಅನೇಕರಿದ್ದಾರೆ. ಆದರೆ ಬೈಂದೂರಿನಿಂದ ಬ್ರಹ್ಮಾವರದವರೆಗಿನ ಅದರ ಒಂದು ತುಂಡಿನಲ್ಲಿ ಹತ್ತೊಂಬತ್ತು ವರ್ಷ ದಿನಕ್ಕೆ ನಾಲ್ಕು ಸಲ ಬಸ್ಸು ಓಡಿಸಿ, ಒಂದೊಂದು ಹೊಂಡದ ಜಾತಕವನ್ನೂ ಬಲ್ಲವರು ಶ್ರೀ ಮಂಜಯ್ಯ ದೇವಾಡಿಗರೊಬ್ಬರೇ. ಖಾಸಗಿ ಬಸ್ಸಿನ ಚಾಲಕರಿಗೂ ಅಭಿನಂದನ ಗ್ರಂಥವೇ ಎಂದು ಹುಬ್ಬೇರಿಸುವವರು ನಮ್ಮ ಎಂಟು ಗಂಟೆಯ ಬಸ್ಸು ಹತ್ತಿದವರಲ್ಲ, ಬಿಡಿ.

ಅವರು ಸೇವೆಗೆ ಸೇರಿದ್ದು 1997ರಲ್ಲಿ. ಆಗ ಹೆದ್ದಾರಿಯ ಸಂಖ್ಯೆ ಹದಿನೇಳು. ಎರಡು ಬಸ್ಸು ಎದುರಾದರೆ ಒಂದು ಮಣ್ಣಿಗಿಳಿಯಲೇಬೇಕು. ಬ್ರಹ್ಮಾವರದಿಂದ ಬರುತ್ತಿದ್ದ ಬಸ್ಸಿನ ಚಾಲಕ ಕೊರಗ ಪೂಜಾರಿಯವರೂ ಇವರೂ ದಿನಾ ಬೆಳಿಗ್ಗೆ ಎದುರಾಗುತ್ತಿದ್ದುದು ಮರವಂತೆಯಲ್ಲಿ, ಸಮುದ್ರ ಮತ್ತು ಸೌಪರ್ಣಿಕಾ ಹೊಳೆಯ ನಡುವೆ. ಆ ಇಕ್ಕಟ್ಟಿನಲ್ಲಿ ಇಬ್ಬರ ಕಿಟಕಿಗಳೂ ಒಂದಕ್ಕೊಂದು ತಾಗುವಷ್ಟು ಹತ್ತಿರ ಬರುತ್ತಿದ್ದವು. ಮಂಜಯ್ಯನವರ ಬಸ್ಸಿನಿಂದ ಇಳಿದವರು ಮರೆತುಬಿಟ್ಟ ಕೊಡೆಯೋ ಬುತ್ತಿಯೋ ಅಲ್ಲಿ ಕಿಟಕಿಯಿಂದ ಕಿಟಕಿಗೆ ದಾಟಿ, ಕೊರಗರ ಬಸ್ಸೇರಿ, ಬಿಟ್ಟುಹೋದವರ ಊರಿಗೆ ಕಾಲು ಗಂಟೆಯೊಳಗೆ ಮರಳುತ್ತಿತ್ತು. ಉಪ್ಪುಂದದಿಂದ ಮೀನು ಬುಟ್ಟಿಯೊಂದಿಗೆ ಹತ್ತಿ, ಕೆಲವು ದಿನ ಮರವಂತೆಗೆ ಮೊದಲೇ ನಾವುಂದದಲ್ಲಿ ಇಳಿಯುವ ಸೀತಕ್ಕನ ಕನ್ನಡಕವಂತೂ ಒಂದೇ ಮಳೆಗಾಲದಲ್ಲಿ ಮೂರು ಬಾರಿ ಹೀಗೆ ಪ್ರಯಾಣ ಮಾಡಿದೆ. ಮಂಜಯ್ಯನವರ ಆಗಿನ ಹೆಮ್ಮೆ ಎರಡೇ: ತಮ್ಮ ಬಸ್ಸಿನಲ್ಲಿ ಯಾರದೂ ಏನೂ ಕಳೆದುಹೋಗಿಲ್ಲ, ಮತ್ತು ನಡುದಾರಿಯಲ್ಲಿ ಜನರನ್ನು ಬಸ್ಸಿನಲ್ಲಿ ಬಿಟ್ಟು ತಾವು ಸೀಟಿನಿಂದ ಇಳಿದಿಲ್ಲ.

ಹದಿನೇಳು ಹೋಗಿ ಅರವತ್ತಾರು ಬಂತು, ಚತುಷ್ಪಥದ ಕೆಲಸ ಶುರುವಾಯಿತು. ಎಂಥ ಸಂಭ್ರಮ ಅವರದು! ರಜೆಯ ದಿನವೂ ಹೋಗಿ ಜೆಸಿಬಿ ನೋಡುತ್ತ ನಿಲ್ಲುವರು. ಇನ್ನು ಯಾರೂ ಮಣ್ಣಿಗಿಳಿಯಬೇಕಿಲ್ಲ, ಇದೇ ರಸ್ತೆ ಹಿಡಿದರೆ ನೇರ ಕನ್ಯಾಕುಮಾರಿ ಎಂದು ಹತ್ತಿದವರಿಗೆಲ್ಲ ಹೇಳುವರು. ರಸ್ತೆ ಅಗಲವಾದರೆ ಎದುರಿನ ಕಿಟಕಿ ದೂರವಾಗುತ್ತದೆ ಎಂಬುದು ಅವರಿಗೂ ಹೊಳೆಯಲಿಲ್ಲ, ನಮಗೂ ಹೊಳೆಯಲಿಲ್ಲ.

2015ರ ಮಾರ್ಚಿನಲ್ಲಿ ಮರವಂತೆಯ ಹೊಸ ಮಾರ್ಗ ತೆರೆದ ಮೊದಲ ಬೆಳಿಗ್ಗೆ ಪಿಯುಸಿ ಪರೀಕ್ಷೆಯೂ ಇತ್ತು. ಪೂಜಿತಾ ಎಂಬ ವಿದ್ಯಾರ್ಥಿನಿ ನಾವುಂದದಲ್ಲಿ ಇಳಿದ ಮೇಲೆ ಅವಳ ಹಾಲ್ ಟಿಕೆಟ್ ಕಂಡಕ್ಟರ್ ಶೈಲೇಶನಿಗೆ ಸೀಟಿನ ಮೇಲೆ ಸಿಕ್ಕಿತು. ಪರೀಕ್ಷೆಗೆ ಒಂದು ಗಂಟೆಯೂ ಇರಲಿಲ್ಲ. ಮಂಜಯ್ಯನವರು ಅದನ್ನು ಇಸಿದುಕೊಂಡು, “ಕೊರಗ ಬತ್ತ, ಕೊಡ್ವ” ಎಂದರು.

ಕೊರಗರ ಬಸ್ಸು ಕಂಡಿತು. ಇಬ್ಬರೂ ಹಳೆಯ ಜಾಗದಲ್ಲೇ ನಿಲ್ಲಿಸಿದರು, ಇಬ್ಬರೂ ಅಭ್ಯಾಸಬಲದಿಂದ ಕಿಟಕಿಯಾಚೆ ಕೈ ಚಾಚಿದರು. ಇವರು ಹೊಳೆಯ ಬದಿ, ಅವರು ಕಡಲ ಬದಿ. ನಡುವೆ ಡಿವೈಡರು, ಎರಡೂ ಕಡೆ ಬುರ್‍ರೆಂದು ಹೋಗುವ ಲಾರಿಗಳು. ಚಾಚಿದ ಕೈಯಲ್ಲಿ ಹಾಲ್ ಟಿಕೆಟ್ ಗಾಳಿಗೆ ಪಟಪಟ ಹೊಡೆದುಕೊಳ್ಳುತ್ತಿತ್ತು. ಶೈಲೇಶನೋ ಹಿಂದಿನ ಬಾಗಿಲಿನ ನೂಕುನುಗ್ಗಲಲ್ಲಿ ಸಿಕ್ಕಿಬಿದ್ದಿದ್ದ.

ಮುಂದಿನ ಸೀಟಿನಿಂದ ಸೀತಕ್ಕನೇ ಬಾಯಿಬಿಟ್ಟಳು. “ಎಂತ ಕಾಂತ ಕೂಕಂಡ್ರಿ ಮಂಜಯ್ಯ? ಬಸ್ಸ್ ನಾವ್ ಕಾಂತೊ, ನೀವ್ ಹೋಯ್ನಿ.”

ಬಸ್ಸನ್ನು ನಾವು ನೋಡಿಕೊಳ್ಳುತ್ತೇವೆ, ನೀವು ಹೋಗಿ ಎಂಬ ಆ ಮಾತಿಗೆ ಮಂಜಯ್ಯನವರು ಎಂಜಿನ್ ಆರಿಸಿದರು, ಹ್ಯಾಂಡ್ ಬ್ರೇಕ್ ಎಳೆದರು, ಇಳಿದರು. ಐವತ್ತೇಳರ ಆ ದೇಹ ಒಂದು ಲಾರಿಯನ್ನು ಹೋಗಲು ಬಿಟ್ಟು, ಖಾಕಿ ಪ್ಯಾಂಟು ಮೇಲೆತ್ತಿ ಡಿವೈಡರ್ ಹತ್ತಿ ಹಾರಿದ್ದನ್ನು ನಾವು ಎದ್ದು ನಿಂತು ನೋಡಿದೆವು. ಕಾಗದ ಕೊರಗರ ಕೈ ಸೇರಿದಾಗ ಬಸ್ಸಿಡೀ ಚಪ್ಪಾಳೆ! ಹಿಂದಿನ ಬಸ್ಸು ನಮ್ಮನ್ನು ದಾಟಿಹೋಯಿತು, ಕುಂದಾಪುರಕ್ಕೆ ನಾಲ್ಕು ನಿಮಿಷ ತಡವಾಯಿತು, ಮಾಲೀಕರಿಂದ ಬೈಗುಳವೂ ಸಿಕ್ಕಿತು. ಪೂಜಿತಾ ಮಾತ್ರ ಮೊದಲ ಗಂಟೆಗೇ ತನ್ನ ಬೆಂಚಿನಲ್ಲಿದ್ದಳು. ಅಂದಿನಿಂದ ಮರೆತ ವಸ್ತುಗಳು ಡಿವೈಡರಿನ ಸಂದಿಯೊಂದರ ಬಳಿ ಕಂಡಕ್ಟರುಗಳ ಕೈಯಲ್ಲಿ ದಾಟತೊಡಗಿದವು. ಚಾಲಕರಿಬ್ಬರೂ ದೂರದಿಂದಲೇ ಕೈಯೆತ್ತುತ್ತಿದ್ದರು.

ಕಳೆದ ತಿಂಗಳು ಅವರ ಕೊನೆಯ ಟ್ರಿಪ್ಪು. ಮರವಂತೆಯಲ್ಲಿ ಕೊರಗರ ಬಸ್ಸು ನಿಂತಿತು, ಆದರೆ ಕಂಡಕ್ಟರ್ ಇಳಿಯಲಿಲ್ಲ. ಕೊರಗರೇ ಎಂಜಿನ್ ಆರಿಸಿ, ಇಳಿದು, ಡಿವೈಡರ್ ದಾಟಿ ಬಂದರು. ಕೈಯಲ್ಲೊಂದು ಸ್ಟೀಲಿನ ಬುತ್ತಿ. ಬೀಳ್ಕೊಡುಗೆಯ ಗಡಿಬಿಡಿಯಲ್ಲಿ ಮಂಜಯ್ಯನವರು ಹಿಂದಿನ ದಿನ ಬ್ರಹ್ಮಾವರದ ನಿಲ್ದಾಣದಲ್ಲಿ ಬಿಟ್ಟುಬಂದದ್ದು!

“ನಿಂದೇ ಒಂದ್ ಬಾಕಿ ಇದ್ದಿತ್ ಮಾರಾಯಾ” ಎಂದು ಕೊರಗರು ಕಿಟಕಿಗೆ ಕೈ ಚಾಚಿದರು. ಹತ್ತೊಂಬತ್ತು ವರ್ಷ ಊರಿನವರದ್ದನ್ನೆಲ್ಲ ಮರಳಿಸಿದವರು ತಮ್ಮದನ್ನು ಇಸಿದುಕೊಂಡು, ಸ್ಟೇರಿಂಗಿಗೆ ಹಣೆಯಿಟ್ಟು ಅತ್ತರು. ಯಾರೂ ಅವರನ್ನು ಅವಸರಪಡಿಸಲಿಲ್ಲ.

ಮಂಜಯ್ಯನವರಿಗೆ ದೀರ್ಘಾಯುಷ್ಯವಿರಲಿ, ಕಣ್ಣಿಗೂ ಕಾಲಿಗೂ ಇಂದಿನ ಕಸುವೇ ಇರಲಿ. ಬಾಯಲ್ಲಷ್ಟೇ ಓಡಿಸಿದ ಕನ್ಯಾಕುಮಾರಿಗೆ ಇನ್ನಾದರೂ ಕೊರಗರನ್ನು ಪಕ್ಕದಲ್ಲಿ ಕೂರಿಸಿಕೊಂಡು, ಪ್ರಯಾಣಿಕರಾಗಿ, ಕಿಟಕಿ ಬದಿಯಲ್ಲಿ ಹೋಗಿಬರಲಿ. ದಾರಿಯಲ್ಲಿ ಏನಾದರೂ ಮರೆತರೆ ಚಿಂತೆ ಬೇಡ, ಎದುರಿನ ಬಸ್ಸಿನಲ್ಲಿ ನಾವಿದ್ದೇವೆ.