ನೀರು ಹಾಕುವಾಗ ನಡುಗಿದ ಕಾಲು

ಹೋದ ವಾರ ವಿಜಯನಗರದಲ್ಲಿ ಮೆಟ್ರೋ ಹತ್ತಿದೆ. ಪಕ್ಕದಲ್ಲಿ ಕುಳಿತ ಹೆಂಗಸಿನ ಸೆರಗಿನಿಂದ ಬಜೆಯ ವಾಸನೆ ಬರುತ್ತಿತ್ತು. ಮನೆಯಲ್ಲಿ ಹಸುಗೂಸು ಇದ್ದವರ ಬಟ್ಟೆಗೆ ಅದು ಹತ್ತಿಕೊಳ್ಳುತ್ತದೆ, ಎಷ್ಟು ಒಗೆದರೂ ಹೋಗುವುದಿಲ್ಲ. "ಎಷ್ಟು ದಿನದ ಮಗು?" ಎಂದು ಕೇಳಿದೆ. ಅವಳು ತಿರುಗಿ ನೋಡಿ, "ಹದಿನೆಂಟು. ನಿಮಗೆ ಹೆಂಗೆ ಗೊತ್ತಾಯ್ತು ಆಂಟಿ?" ಎಂದಳು. ಮೂವತ್ತು ವರ್ಷ ಕಂಡವರ ಮಕ್ಕಳಿಗೆ ನೀರು ಹಾಕಿದವಳಿಗೆ ಇಷ್ಟೂ ಗೊತ್ತಾಗದಿದ್ದರೆ ಹೇಗೆ?

ನನ್ನ ಕೆಲಸ ಅದೇ. ಬಾಣಂತಿಗೆ ಎಣ್ಣೆ ತಿಕ್ಕಿ ನೀರು ಹಾಕುವುದು, ಮಗುವನ್ನು ಕಾಲ ಮೇಲೆ ಹಾಕಿಕೊಂಡು ತೊಳೆಯುವುದು. ನಿಮ್ಮನ್ನೂ ನನ್ನಂಥ ಯಾರೋ ಒಬ್ಬಳು ಬೋರಲು ಹಾಕಿ ತೊಳೆದಿರುತ್ತಾಳೆ; ನೀವು ಅವಳ ಸೀರೆಯ ಮೇಲೆ ಉಚ್ಚೆ ಹೊಯ್ದಿರುತ್ತೀರಿ. ಈಗ ದೊಡ್ಡ ಮನುಷ್ಯರಾಗಿ ಮರೆತಿದ್ದೀರಿ, ಇರಲಿ. ಮಣೆಯ ಮೇಲೆ ಕುಳಿತು ಎರಡೂ ಕಾಲು ಜೋಡಿಸಿ ಚಾಚಬೇಕು. ಮಗು ಇರುವುದು ಆ ಕಾಲಿನ ಮೇಲೆ. ಈ ಕೆಲಸದಲ್ಲಿ ಬಾಯಿ ಒರಟಾದರೂ ನಡೆಯುತ್ತದೆ, ನನ್ನದು ನಡೆದಿದೆ. ಕಾಲು ಮಾತ್ರ ಅಲುಗಬಾರದು. ಇಂಥವಳ ಕಾಲು ನಡುಗುತ್ತದೆ ಎಂಬ ಮಾತು ಒಂದು ಮನೆಯಿಂದ ಆಚೆ ಬಿದ್ದರೆ ಮತ್ತೆ ಯಾರೂ ಕರೆಯುವುದಿಲ್ಲ. ಕರೆಯಲೂ ಬಾರದು.

ಹದಿನೈದು ವರ್ಷದ ಹಿಂದಿನ ಮಾತು. ಮಹಾಲಕ್ಷ್ಮಿ ಲೇಔಟಿನಲ್ಲಿ ಒಂದು ಮಹಡಿ ಮನೆ. ಪಾರ್ವತಮ್ಮ ಎಂಬವರ ಮಗಳು ಸುಮಾ ಬಾಣಂತನಕ್ಕೆ ಬಂದಿದ್ದಳು. ಅವತ್ತು ಬೆಳಿಗ್ಗೆ ಸುಮಾಗೆ ನೀರು ಹಾಕಿ, ಕಿವಿಗೆ ಹತ್ತಿ ತುರುಕಿ, ತಲೆಗೆ ಬಟ್ಟೆ ಬಿಗಿದು, ಬೆವರಲಿ ಎಂದು ಎರಡು ಕಂಬಳಿ ಹೊದಿಸಿ ಮಲಗಿಸಿದ್ದೆ. ಆಮೇಲೆ ಮಗುವಿನ ಸರದಿ. ಗಾಳಿ ತಾಗಬಾರದೆಂದು ಬಚ್ಚಲಿನ ಬಾಗಿಲು ಹಾಕಿಕೊಂಡೆ. ಪಾರ್ವತಮ್ಮ ಆಚೆ ಸಾಂಬ್ರಾಣಿಗೆ ಕೆಂಡ ಮಾಡುತ್ತಿದ್ದರು.

ಮೂರನೇ ಚೊಂಬು ನೀರು ಹಾಕಿದಾಗ ನನ್ನ ಕಾಲು ನಡುಗಿತು. ನಿಂತ ಬಸ್ಸಿನಲ್ಲಿ ಡ್ರೈವರ್ ಇಂಜಿನ್ ಆರಿಸದಿದ್ದರೆ ಸೀಟು ಅದುರುತ್ತದಲ್ಲ, ಹಾಗೆ. ಮಗುವಿನ ಕೆನ್ನೆಯೂ ಅದುರಿತು. ಬಕೆಟ್ಟಿನ ನೀರು ಕಲಕಿತು. ಚೊಂಬು ಅದ್ದಿದ್ದಕ್ಕೆ ಎಂದುಕೊಂಡೆ. ಬೀದಿಯಲ್ಲಿ ಜನ ಕೂಗಿದ್ದು ಕೇಳಿಸಿತು. ನೀರಿನ ಟ್ಯಾಂಕರ್ ಬಂದಿರಬೇಕು ಎಂದುಕೊಂಡೆ. ಅನುಮಾನ ಬಂದದ್ದು ನನ್ನ ಕಾಲಿನ ಮೇಲೆ ಮಾತ್ರ. ಹುಟ್ಟಿದಾಗಿನಿಂದ ಬೆಂಗಳೂರಿನಲ್ಲಿದ್ದವಳು, ನೆಲವನ್ನು ಅನುಮಾನಿಸಿ ಅಭ್ಯಾಸವಿಲ್ಲ.

ಮಗುವಿನ ಮೈಗೆ ಹೆಸರುಹಿಟ್ಟು ಹಚ್ಚಿ ಆಗಿತ್ತು, ನಡುವೆ ಬಿಟ್ಟು ಏಳುವಂತಿರಲಿಲ್ಲ. ಎಡಗೈಯಲ್ಲಿ ಒತ್ತಿ ಹಿಡಿದು ಉಳಿದ ನೀರು ಹಾಕಿ ಮುಗಿಸಿದೆ. ಟವಲಿಗಾಗಿ ಕೂಗಿದರೆ ಪಾರ್ವತಮ್ಮನ ಸದ್ದಿಲ್ಲ. ಸೆರಗಿನಲ್ಲೇ ಸುತ್ತಿ ಒಯ್ದು ಸುಮಾಳ ಪಕ್ಕ ಮಲಗಿಸಿದೆ. ಬಾಯಿ ಮುಚ್ಚಿಕೊಂಡಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಮುಂದಿನ ತಿಂಗಳಿಗೆ ಎರಡು ಮನೆ ಒಪ್ಪಿಕೊಂಡೂ ಇದ್ದೆ. ಆದರೆ ನಾಳೆ ಆ ಕೂಸು ಬಚ್ಚಲ ಕಲ್ಲಿನ ಮೇಲೆ ಬಿದ್ದರೆ?

"ನಾಳೆಯಿಂದ ಬೇರೆಯವರನ್ನ ನೋಡ್ಕೊಳಮ್ಮ. ನನ್ನ ಕಾಲು ನಡುಗ್ತು" ಎಂದೆ.

"ಏನಂದ್ರಿ?" ಎಂದಳು ಸುಮಾ. ಕಿವಿಯಲ್ಲಿ ಹತ್ತಿ. ನಾಚಿಕೆಯ ಮಾತನ್ನು ಎರಡನೇ ಸಲ ಕೂಗಿ ಹೇಳಬೇಕಾಯಿತು.

"ನಂಗೂ ಮಂಚ ತಿರುಗಿದಂಗಾಯ್ತು. ನೀವು ತಲೆಗೆ ಬಿಸಿನೀರು ಜಾಸ್ತಿ ಹಾಕ್ತೀರ, ದಿನಾ ಹೇಳ್ತೀನಿ, ಕೇಳಲ್ಲ."

ಅಷ್ಟರಲ್ಲಿ ಪಾರ್ವತಮ್ಮ ಏದುಸಿರು ಬಿಡುತ್ತ ಮೆಟ್ಟಿಲು ಹತ್ತಿ ಬಂದರು. ಕೈಯಲ್ಲಿ ಕೆಂಡದ ಬಟ್ಟಲು ಹಾಗೇ ಇತ್ತು. "ಭೂಕಂಪ ಕಣ್ರೀ ಅಕ್ಕ. ಬೀದಿಯೆಲ್ಲ ಆಚೆ ನಿಂತಿದೆ."

"ನಂಗೆ ಬೇಜಾರಾಗುತ್ತೆ ಅಂತ ಏನೇನೋ ಹೇಳ್ಬೇಡಿ. ಕಾಲು ನಂದು, ನಂಗೊತ್ತಿಲ್ವಾ?"

ಬಾಲ್ಕನಿಗೆ ಕರೆದುಕೊಂಡು ಹೋಗಿ ತೋರಿಸಿದರು. ಎದುರು ಮನೆಯ ಯಜಮಾನರು ಟವಲು ಸುತ್ತಿ, ಬೂಟು ಹಾಕಿಕೊಂಡು ನಿಂತಿದ್ದರು. ಒಬ್ಬಳು ಕುಕ್ಕರನ್ನು ಸೊಂಟದ ಮೇಲೆ ಎತ್ತಿಕೊಂಡಿದ್ದಳು. ಯಾರಿಗೂ ಏನೂ ಆಗಿರಲಿಲ್ಲ, ಒಂದು ಲೋಟವೂ ಒಡೆದಿರಲಿಲ್ಲ. ಊರೆಲ್ಲ ಹೆದರಿ ನಿಂತಿದೆ, ನನಗೆ ಮಾತ್ರ ಹಬ್ಬ. ಕಂಬಿ ಹಿಡಿದುಕೊಂಡು ನಕ್ಕೆ. ನಡುಗಿದ್ದು ಭೂಮಿ, ನನ್ನ ಕಾಲಲ್ಲ.

ಒಳಗೆ ಪಾರ್ವತಮ್ಮ ಮಗಳ ಮುಖ ನೋಡದೆ ಕುಳಿತಿದ್ದರು. "ಕೆಂಡ ಹಿಡ್ಕೊಂಡು ಓಡಿದೀನಿ ನೋಡಿ. ಮಗಳು, ಮಗು, ಯಾರೂ ನೆನಪಾಗ್ಲಿಲ್ಲ. ನೀವಾದ್ರೂ ಬಿಡದೆ ಕೂತ್ರಿ."

"ಗೊತ್ತಾಗಿದ್ರೆ ನಾನೂ ಓಡ್ತಿದ್ದೆ" ಎಂದೆ. ಮಗುವನ್ನು ಎತ್ತಿಕೊಂಡು ಓಡುತ್ತಿದ್ದೆನೋ ಇಲ್ಲವೋ, ಅದನ್ನು ಇವತ್ತಿಗೂ ಆಣೆ ಮಾಡಿ ಹೇಳಲಾರೆ.

ಯಾರು ನಂಬುತ್ತಾರೆ? ಸಂಜೆಯ ಹೊತ್ತಿಗೆ ನಾನು ಭೂಕಂಪಕ್ಕೂ ಜಗ್ಗದವಳು ಎಂದು ಲೇಔಟಿನ ತುಂಬ ಸುದ್ದಿ. ಹೊಸದಾಗಿ ಮೂರು ಮನೆಯವರು ಕರೆದರು. ಗೊತ್ತಿಲ್ಲದೆ ಕೂತಿದ್ದೆ ಎಂದು ಪ್ರತಿ ಮನೆಯಲ್ಲೂ ಹೇಳಿದೆ. "ಪಾಪ, ದೊಡ್ಡಸ್ತಿಕೆ ಇಲ್ಲ" ಎಂದು ಕಾಫಿ ಕೊಟ್ಟರು. ಕೊನೆಗೆ ಹೇಳುವುದು ಬಿಟ್ಟು ಕಾಫಿ ಕುಡಿದೆ.

ಆದರೆ ಒಮ್ಮೆ ಹೊಕ್ಕ ಅನುಮಾನ ಸುಲಭಕ್ಕೆ ಹೋಗುವುದಿಲ್ಲ. ಅಂದಿನಿಂದ ಯಾವ ಮನೆಗೆ ಹೋದರೂ ಮೊದಲು ಕಾಲು ಚಾಚಿ, ಅದರ ಮೇಲೆ ಕಂಠಮಟ್ಟ ತುಂಬಿದ ಚೊಂಬು ಇಡಿಸುತ್ತೇನೆ. ನೂರು ಎಣಿಸುವವರೆಗೆ ಒಂದು ಹನಿಯೂ ಚೆಲ್ಲಬಾರದು. ಚೆಲ್ಲದಿದ್ದರೆ ಮಗುವನ್ನು ಕೊಡಿ ಎನ್ನುತ್ತೇನೆ.

ಹೋದ ವಾರ ಮೆಟ್ರೋ ಇಳಿದು ನಾಯಂಡಹಳ್ಳಿಯ ಒಂದು ಮನೆಗೆ ಹೋದೆ. ಅಲ್ಲೂ ಚೊಂಬು ಇಡಿಸಿದೆ. ಮೂವತ್ತು ಎಣಿಸುವಷ್ಟರಲ್ಲಿ ನೀರು ಚೆಲ್ಲಿತು. ಒರೆಸಿ ಮತ್ತೆ ಇಡಿಸಿದೆ. ಮತ್ತೆ ಚೆಲ್ಲಿತು.

"ಆಚೆ ಜನ ಏನಾದ್ರೂ ಓಡ್ತಿದಾರಾ, ನೋಡು" ಎಂದೆ.

ಮಗುವಿನ ಅಜ್ಜಿ ಕಿಟಕಿಯಲ್ಲಿ ಇಣುಕಿದಳು. "ಯಾರೂ ಇಲ್ವಲ್ಲ ಅಕ್ಕ. ಸೊಪ್ಪಿನವನು ನಿಂತಿದಾನೆ. ಯಾಕೆ?"

"ಹಂಗಾದ್ರೆ ಇದು ನಂದೇ. ಏಳ್ತೀನಿ, ನೀನು ಕೂತ್ಕೋ."

"ನಂಗೆ ಭಯ. ಜಾರಿಬಿಟ್ರೆ?"

"ಭಯ ಇರ್ಲಿ. ಕಾಲು ಜೋಡ್ಸು."

ನಾನು ಸ್ಟೂಲಿನ ಮೇಲೆ ಕುಳಿತು ನೀರು ಹಾಕಿದೆ. ಕೈಗೇನೂ ಆಗಿಲ್ಲ, ಬಾಯಿಗಂತೂ ಆಗಿಲ್ಲ. ಮಗು ಸ್ವಲ್ಪ ಹೊತ್ತು ಕಿರುಚಿ, ಅವಳ ಕಾಲ ಮೇಲೆಯೇ ನಿದ್ದೆ ಹೋಯಿತು. ನಾಳೆಯೂ ಹೋಗಬೇಕು. ಆ ಅಜ್ಜಿ ಇನ್ನೂ ಮಗುವಿನ ಕತ್ತನ್ನು ಸರಿಯಾಗಿ ಹಿಡಿಯುವುದಿಲ್ಲ.